ಅಂತರ ಅಳೆದರೆ ಅಸಮಾನತೆ ಅಳೆದಂತೆಯೇ?

ಕೆಂಭಾವಿಯ ಯಾವುದೇ ಶಾಲೆಯ ಕರಿಹಲಗೆಯ ಮೇಲೆ ಮಾಡಬಹುದಾದ ಲೆಕ್ಕವಿದು. 2011ರ ಜನಗಣತಿಯ ಪ್ರಕಾರ ಯಾದಗಿರಿ ಜಿಲ್ಲೆಯಲ್ಲಿ ಪುರುಷರ ಸಾಕ್ಷರತೆ ಸುಮಾರು ಶೇ. 62, ಮಹಿಳೆಯರದು ಶೇ. 41. ಅನುಪಾತ 0.66. ಪುರುಷರದೂ 41ಕ್ಕೆ ಇಳಿಯಿತು ಎಂದಿಟ್ಟುಕೊಳ್ಳಿ. ಅನುಪಾತ 1, ಪೂರ್ಣ ಸಮಾನತೆ! ಆದರೆ ಒಬ್ಬ ಹುಡುಗಿಯೂ ಹೊಸದಾಗಿ ಅಕ್ಷರ ಕಲಿತಿಲ್ಲ. ವಿಶ್ವ ಆರ್ಥಿಕ ವೇದಿಕೆಯು 2006ರಿಂದ ಪ್ರಕಟಿಸುತ್ತಿರುವ ಲಿಂಗ ಅಂತರ ಸೂಚ್ಯಂಕದ ತರ್ಕ ಇದೇ. ಅದು ನೋಡುವುದು ಅಂತರವನ್ನು, ಮಟ್ಟವನ್ನಲ್ಲ.

ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು 2010ರಲ್ಲಿ ತಂದ ಲಿಂಗ ಅಸಮಾನತೆ ಸೂಚ್ಯಂಕದಲ್ಲಿ ತಾಯಂದಿರ ಮರಣ, ಹದಿಹರೆಯದ ಹೆರಿಗೆಗಳೂ ಸೇರಿವೆ. ಒಳ್ಳೆಯದೇ. ಆದರೆ ಇವಕ್ಕೆ ಹೋಲಿಸಲು ಪುರುಷರ ಅಂಕಿಗಳಿಲ್ಲ. ಊರಿಗೆ ಆಸ್ಪತ್ರೆಯಿಲ್ಲದ ಬಡತನವೂ ಅಸಮಾನತೆಯ ಖಾತೆಗೆ ಜಮೆಯಾಗುತ್ತದೆ.

ಇನ್ನು ಸಂಬಳವಿಲ್ಲದ ಮನೆಗೆಲಸ ಎರಡರ ಲೆಕ್ಕದಲ್ಲೂ ಇಲ್ಲ. ಭಾರತದ 2019ರ ಸಮಯ ಬಳಕೆ ಸಮೀಕ್ಷೆಯನ್ನು ನೋಡಿ: ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಾರೆ, ಪುರುಷರು 97 ನಿಮಿಷ. ಶಿಕ್ಷಕರೇ, ಹತ್ತಿ ಬಿಡಿಸುವ ದಿನಗಳಲ್ಲಿ ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲುಳಿದ ಹುಡುಗಿ ನಿಮ್ಮ ಹಾಜರಿ ಪುಸ್ತಕದಲ್ಲಿ ಬರೀ 'ಗೈರು'. ಕಾರಣವನ್ನೂ ಪಕ್ಕದಲ್ಲಿ ಬರೆದಿಡಿ.