ಬಿಳಿ ಒಂದಕ್ಕೆ ಕೂಡದ ಗಾಡಿ

ನಿಂತಲ್ಲೇ ಚಾಲೂ ಇರುವ ಯಮಹಾ ಆರ್‌ಎಕ್ಸ್ 100 ಬೈಕಿನ ಸದ್ದನ್ನು ಅಕ್ಷರದಲ್ಲಿ ಹಿಡಿಯುವುದು ಕಷ್ಟ. ಟಿಣ್ ಎನ್ನುತ್ತದೆ. ಸುಮ್ಮನಾಗುತ್ತದೆ. ಆಮೇಲೆ ಟಿಣ್‌ಟಿಣ್ ಎಂದು ಬೆನ್ನುಬೆನ್ನಿಗೆ ಎರಡು. ಯಾವ ತಾಳಕ್ಕೂ ಸಿಗುವುದಿಲ್ಲ. ಆರಿಯೇ ಹೋಯಿತು ಅನ್ನುವಷ್ಟರಲ್ಲಿ ಮತ್ತೆ ಹೊತ್ತಿಕೊಳ್ಳುತ್ತದೆ. ಎಕ್ಸಲೇಟರ್ ತುಸು ತಿರುವಿದರೆ ಸಾಕು, ಚದುರಿದ್ದ ಮಣಿಗಳೆಲ್ಲ ಒಂದೇ ದಾರಕ್ಕೆ ಬಂದು ಸದ್ದು ಸ್ವರವಾಗುತ್ತದೆ. ಈ ಗಾಡಿಯಲ್ಲಿ ನನಗೆ ಅತಿ ಇಷ್ಟವಾದದ್ದು ಆ ಕ್ಷಣ, ಸದ್ದು ಸ್ವರವಾಗುವ ಆ ಅರೆನಿಮಿಷ. ವೇಗವೆಲ್ಲ ಆಮೇಲಿನ ಮಾತು.

ಟೂ-ಸ್ಟ್ರೋಕ್ ಎಂಜಿನ್ ನಿಧಾನಕ್ಕೆ ಓಡುವಾಗ ಸಿಲಿಂಡರಿನೊಳಗಿನ ಹಳೆಯ ಹೊಗೆ ಪೂರ್ತಿ ಹೊರಗೆ ಹೋಗುವುದಿಲ್ಲ. ಹೊಸದಾಗಿ ಬಂದ ಪೆಟ್ರೋಲು–ಗಾಳಿ ಅದರಲ್ಲಿ ಕಲೆತು ಕೆಡುತ್ತದೆ. ಪ್ಲಗ್ಗು ಕಿಡಿ ಹಾರಿಸಿದರೂ ಬೆಂಕಿ ಹತ್ತುವುದಿಲ್ಲ. ಒಂದೆರಡು ಸುತ್ತು ಬರಿದೇ ತಿರುಗಿ ಒಳಗೆಲ್ಲ ತಿಳಿಯಾದ ಮೇಲೆ ಒಂದು ಸಲ ಹೊತ್ತುತ್ತದೆ. ನಾವು ಕೇಳಿ ಖುಷಿಪಡುವ ಆ ಎಡವುನಡಿಗೆ ನಿಜದಲ್ಲಿ ಗಂಟಲು ಸರಿಮಾಡಿಕೊಳ್ಳುವ ಕೆಲಸ.

ನಮ್ಮ ಮನೆಯಲ್ಲಿ ಅಜ್ಜನದೊಂದು ಪೇಟಿ, ಅಂದರೆ ಹಾರ್ಮೋನಿಯಂ ಇತ್ತು, ಕಾಕಾನದೊಂದು ಆರೆಕ್ಸ್. ಧಾರವಾಡದ ಕಡೆಯ ಮನೆಗಳಲ್ಲಿ ಪೇಟಿ ಇರುವುದು ವಿಶೇಷವಲ್ಲ. ಕಾಲೇಜು ಮೆಟ್ಟಿಲು ಹತ್ತಿದ ಹುಡುಗ ಆರೆಕ್ಸ್‌ಗಾಗಿ ಊಟ ಬಿಟ್ಟು ಕೂರುವುದೂ ಆಗ ವಿಶೇಷವಾಗಿರಲಿಲ್ಲ. ಬೆಳಗ್ಗೆ ಅಜ್ಜ ಬಿಳಿ ಒಂದರಲ್ಲಿ, ಅಂದರೆ ಸಪ್ತಕದ ಮೊದಲ ಬಿಳಿ ಮನೆಯಲ್ಲಿ ಸಾ ಹಿಡಿದು ಕೂತಿದ್ದಾಗಲೇ ಕಾಕಾ ಅಂಗಳದಲ್ಲಿ ಕಿಕ್ಕರ್ ಹೊಡೆಯುತ್ತಿದ್ದ. ಅಜ್ಜ ಬಾತೆ ಒತ್ತುವುದನ್ನು ನಿಲ್ಲಿಸಿ ಒಳಗಿನಿಂದಲೇ ಕೂಗುತ್ತಿದ್ದರು: ‘ಬಿಳಿ ಒಂದಕ್ಕ ಕೂಡವಲ್ದಲ್ಲೋ ನಿನ್ನ ಗಾಡಿ!’

ಎಷ್ಟೋ ವರ್ಷದ ಮೇಲೆ ಲೆಕ್ಕ ಹಾಕಿದೆ. ಆರೆಕ್ಸ್ ತನ್ನ ಪೂರ್ತಿ ಶಕ್ತಿ, ಅಂದರೆ 11 ಅಶ್ವಶಕ್ತಿ ಕೊಡುವುದು ನಿಮಿಷಕ್ಕೆ 7,500 ಸುತ್ತಿನಲ್ಲಿ. ಟೂ-ಸ್ಟ್ರೋಕ್ ಆದ್ದರಿಂದ ಸುತ್ತಿಗೊಂದು ಸ್ಫೋಟ, ಸೆಕೆಂಡಿಗೆ 125. ಪೇಟಿಯ ಬಿಳಿ ಒಂದರ ಮಂದ್ರದ ಸಾ ಸುಮಾರು 131 ಕಂಪನ. ಗಾಡಿ ಅದಕ್ಕಿಂತ ಹತ್ತಿರಹತ್ತಿರ ಒಂದು ಮನೆ ಕೆಳಗೆ, ಬಿಳಿ ಏಳರ ಆಸುಪಾಸಿನಲ್ಲಿ ನಿಲ್ಲುತ್ತದೆ. ಅಜ್ಜನ ಕಿವಿಗೆ ಶರಣು. ಫೋರ್-ಸ್ಟ್ರೋಕ್ ಗಾಡಿಯಲ್ಲಿ ಎರಡು ಸುತ್ತಿಗೆ ಒಂದೇ ಸ್ಫೋಟ. ಅದೇ ವೇಗದಲ್ಲಿ ತಿರುಗಿದರೂ ಅದರ ದನಿ ಸರಿಯಾಗಿ ಒಂದು ಸಪ್ತಕ ಕೆಳಗೆ. ಆರೆಕ್ಸ್ ಹಾಡುತ್ತದೆ, ಮಿಕ್ಕವು ಗೊಣಗುತ್ತವೆ ಎಂದು ಕಾಕಾ ಹೇಳುತ್ತಿದ್ದುದರಲ್ಲಿ ಅಭಿಮಾನದ ಜತೆಗೆ ಗಣಿತವೂ ಇತ್ತು.

ಪೇಟಿಗೂ ಈ ಗಾಡಿಗೂ ಇನ್ನೂ ಹತ್ತಿರದ ನಂಟಿದೆ. 1887ರಲ್ಲಿ ಜಪಾನಿನ ಹಮಾಮಾತ್ಸುವಿನಲ್ಲಿ ತೊರಾಕುಸು ಯಮಹಾ ಎಂಬಾತ ಶಾಲೆಯೊಂದರ ಕೆಟ್ಟುಹೋಗಿದ್ದ, ಪೇಟಿಯ ಕುಲದ್ದೇ ಆದ ರೀಡ್ ಆರ್ಗನ್ ರಿಪೇರಿ ಮಾಡಿದ. ಅಲ್ಲಿಂದ ವಾದ್ಯ ತಯಾರಿಸುವ ಕಂಪನಿ ಹುಟ್ಟಿತು. ಅದರ ಬಳ್ಳಿಯಲ್ಲೇ 1955ರಲ್ಲಿ ಮೋಟಾರ್‌ಸೈಕಲ್ ಕಂಪನಿ ಚಿಗುರಿತು. ಅದರ ಮೊದಲ ಗಾಡಿ ವೈಎ-1 ಕೂಡ ಟೂ-ಸ್ಟ್ರೋಕೇ, 125 ಸಿಸಿಯದು. ಜಪಾನೀಯರು ಅದನ್ನು ಕೆಂಪು ಏರೋಪ್ಲೇನ್ ಚಿಟ್ಟೆ ಎಂದು ಕರೆದರು. ಆರೆಕ್ಸ್‌ನ ಟ್ಯಾಂಕಿನ ಮೇಲಿರುವ ಹೆಸರಿನ ಕಂಪನಿಗೆ ಇವತ್ತಿಗೂ ಗುರುತು ಮೂರು ಶ್ರುತಿಕವೆಗಳು.

ಒಮ್ಮೆ ಹುಬ್ಬಳ್ಳಿಯ ಗ್ಯಾರೇಜೊಂದರಲ್ಲಿ ಮೇಸ್ತ್ರಿ ಆರೆಕ್ಸ್‌ನ ಕಾರ್ಬೊರೇಟರ್ ಬಿಚ್ಚಿ, ಅದರ ಹಿಂದಿನಿಂದ ಬೆರಳುದ್ದದ ಒಂದು ಗೂಡು ತೆಗೆದ. ಅದರ ಇಳಿಜಾರು ಮುಖಗಳ ಮೇಲೆ ತೆಳ್ಳನೆಯ ಪಟ್ಟಿಗಳು. ಒಂದು ತುದಿ ಬಿಗಿ, ಇನ್ನೊಂದು ಸಡಿಲ. ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ. ‘ಬೆಳಕ ಕಂಡತಂದ್ರ ರೀಡ್ ಹೋಗೇತಿ ಅಂತ ತಿಳ್ಕೊ ತಮ್ಮಾ.’ ಪೇಟಿ ರಿಪೇರಿಯವನೂ ಹೀಗೇ ರೀಡನ್ನು ಎತ್ತಿ ಹಿಡಿದು ನೋಡುವುದನ್ನು ಕಂಡಿದ್ದ ನನಗೆ ಮೈ ಜುಮ್ಮೆಂದಿತು. ಪೇಟಿಯಲ್ಲಿ ಆ ನಾಲಿಗೆ ಅಲುಗಿ ದನಿ ಕೊಡುತ್ತದೆ. ಇಲ್ಲಿ ಅದು ಬಾಗಿಲು. ಎಂಜಿನ್ ಉಸಿರೆಳೆದಾಗ ತೆರೆದುಕೊಂಡು, ಒಳಗಿನ ಒತ್ತಡ ಏರಿದೊಡನೆ ಮುಚ್ಚಿಕೊಳ್ಳುತ್ತದೆ. ಉಳಿದ ಕಿಂಡಿಗಳ ಬಾಗಿಲು ಪಿಸ್ಟನ್ನೇ. ಮೇಲೆ ಕೆಳಗೆ ಓಡಾಡುತ್ತ ತಾನೇ ತೆರೆಯುತ್ತದೆ, ತಾನೇ ಮುಚ್ಚುತ್ತದೆ. ಅವಕ್ಕೆ ಕ್ಯಾಮ್ ಇಲ್ಲ, ವಾಲ್ವಿಲ್ಲ. ಸಿಲಿಂಡರು 50 ಮಿಲಿಮೀಟರ್ ಅಗಲ, ಪಿಸ್ಟನ್ನಿನದು ಅಷ್ಟೇ ಓಟ, 98 ಸಿಸಿ. ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ರುಚಿ ಬರುವುದು ಬೆಳ್ಳುಳ್ಳಿ ಒಗ್ಗರಣೆಗೆ ಮಾತ್ರ ಎಂದುಕೊಂಡಿದ್ದೆ.

ಸೈಲೆನ್ಸರ್ ಕೂಡ ಬರಿಯ ಹೊಗೆಕೊಳವೆಯಲ್ಲ. ಹೊರಗೆ ಚಿಮ್ಮಿದ ಹೊಗೆಯ ಅಲೆ ಅದರೊಳಗೆ ಬಡಿದು ಹಿಂತಿರುಗಿ, ತಪ್ಪಿಸಿಕೊಂಡು ಹೊರಡುತ್ತಿದ್ದ ಹೊಸ ಪೆಟ್ರೋಲನ್ನು ಒಳಕ್ಕೆ ನೂಕುತ್ತದೆ. ಒಂದು ವೇಗ ದಾಟಿದ ಮೇಲೆ ಗಾಡಿ ಒಮ್ಮೆಲೇ ಮೈತುಂಬಿ ನುಗ್ಗುತ್ತದಲ್ಲ, ಅದರಲ್ಲಿ ಆ ಅಲೆಯ ಪಾಲು ದೊಡ್ಡದು. ಒಳಗೆ ಸದ್ದಡಗಿಸುವ ಬ್ಯಾಫಲ್ ಕಿತ್ತು ಬೀದಿಯನ್ನೆಲ್ಲ ಎಬ್ಬಿಸುವ ಹುಡುಗರಿಗೆ ಗಾಡಿಯ ಮೇಲೆ ಪ್ರೀತಿ ಇರಬಹುದು, ಕಿವಿಯಂತೂ ಇಲ್ಲ.

ನೋಟಕ್ಕೆ ಹೆಚ್ಚೇನಿಲ್ಲ: ದುಂಡು ದೀಪ, ಕ್ರೋಮ್ ಮಡ್‌ಗಾರ್ಡು, ನಾಲ್ಕು ಗೇರು, ಎರಡೂ ಕಡೆ ಡ್ರಮ್ ಬ್ರೇಕು, ನೂರು ಕಿಲೋ ಆಸುಪಾಸಿನ ಮೈ. ಭಾರತದಲ್ಲಿ ಎಸ್ಕಾರ್ಟ್ಸ್ ಕಂಪನಿಯವರು ಇದನ್ನು 1985ರಿಂದ 1996ರವರೆಗೆ ತಯಾರಿಸಿದರು. ಹೊಗೆಯ ಕಾಯಿದೆ ಬಿಗಿಯಾಗುತ್ತ ಹೋದಂತೆ ಈ ಜಾತಿಗೇ ಬೀದಿಯಲ್ಲಿ ಜಾಗ ಕಡಿಮೆಯಾಯಿತು. ಅದು ಅನ್ಯಾಯವೇನಲ್ಲ. ಆ ನೀಲಿ ಹೊಗೆ ಸುಟ್ಟ ಟೂ-ಟಿ ಆಯಿಲ್ಲು, ಅದರ ಬೆನ್ನಿಗೆ ಉರಿಯದೇ ಜಾರಿಹೋದ ಪೆಟ್ರೋಲು. ಯಾವ ಸರಳತೆಯನ್ನು ಮೆಚ್ಚಿದೆವೋ ಅದೇ ಅದರ ದೋಷ. ಆದರೂ ಚಳಿಗಾಲದ ಮುಂಜಾನೆ ಆ ಘಾಟು ಮೂಗಿಗೆ ಬಡಿದರೆ ನಾನು ಇವತ್ತಿಗೂ ತಿರುಗಿ ನೋಡುತ್ತೇನೆ.

ಬಿಳಿ ಒಂದನ್ನು ಮುಟ್ಟಲು ಆರೆಕ್ಸ್‌ಗೆ ಸುಮಾರು 7,850 ಸುತ್ತು ಬೇಕು. ಊರ ಹೊರಗಿನ ಇಳಿಜಾರಿನಲ್ಲಿ, ನನ್ನನ್ನು ಹಿಂದೆ ಕೂರಿಸಿಕೊಂಡು ಕಾಕಾ ಮೂರನೇ ಗೇರಿನಲ್ಲೇ ಹಟ ಹಿಡಿದು ಎಳೆದಾಗ ಅದು ಖಂಡಿತ ಕೂಡಿರಬೇಕು. ಕೇಳಲು ಅಜ್ಜ ಅಲ್ಲಿರಲಿಲ್ಲ.