ಕಾಮಣಿ ಔಷಧದ ಗುಣ-ದೋಷ

ಕುಮಾರಪಟ್ಟಣ, ರಾಣೆಬೆನ್ನೂರು ಸೀಮೆಯಲ್ಲಿ ಕಣ್ಣು ಹಳದಿಯಾದರೆ ಮೊದಲು ಕೇಳಿಬರುವ ಮಾತು, ‘ಕಾಮಣಿ ಆಗೇತಿ, ಔಷಧ ತಗೊಂಡು ಬರ್ರಿ’. ಬರಿಹೊಟ್ಟೆಗೆ ನೆಲನೆಲ್ಲಿ ರಸ, ಆಮೇಲೆ ಎಣ್ಣೆ-ಖಾರ ಬಿಟ್ಟ ಪಥ್ಯ. ಬಹಳ ಮಂದಿಗೆ ಗುಣವಾಗುತ್ತದೆ. ಈ ಪದ್ಧತಿಯನ್ನು ತೂಗುವವರು ಮೊದಲು ಇದನ್ನು ಒಪ್ಪಬೇಕು.

ಆದರೆ ಮಲ ಬೆರೆತ ನೀರಿನಿಂದ ಬರುವ ಹೆಪಟೈಟಿಸ್ ‘ಎ’ ಮತ್ತು ‘ಇ’ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ, ರಸ ಕುಡಿಯದವರಲ್ಲೂ. ವಿಜ್ಞಾನ ನೆಲನೆಲ್ಲಿಯನ್ನು ಕಡೆಗಣಿಸಿತು ಎನ್ನುವಂತೆಯೂ ಇಲ್ಲ. ಹೆಪಟೈಟಿಸ್ ‘ಬಿ’ ವೈರಸ್ ಪತ್ತೆಗೆ ನೊಬೆಲ್ ಪಡೆದ ಬ್ಲೂಂಬರ್ಗ್ ಅವರೂ ಸೇರಿದ್ದ ಮದರಾಸಿನ ತ್ಯಾಗರಾಜನ್ ತಂಡ 1988ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಈ ಗಿಡದ ಪರವಾದ ಫಲಿತಾಂಶ ಪ್ರಕಟಿಸಿತು. ಬೇರೆಡೆ ನಡೆದ ಪ್ರಯೋಗಗಳಲ್ಲಿ ಅದು ನಿಲ್ಲಲಿಲ್ಲ.

ಸೊಪ್ಪಿನ ಬಗ್ಗೆ ನನಗೆ ಅಷ್ಟೇನೂ ತಕರಾರಿಲ್ಲ. ಹಳದಿ ಕಂಡಲ್ಲೆಲ್ಲ ಒಂದೇ ರೋಗವೆಂದು ತಿಳಿಯುವುದು ಈ ಪದ್ಧತಿಯ ದೊಡ್ಡ ದೋಷ. ಕ್ಷಯಕ್ಕೆ ಐಸೋನಿಯಾಜಿಡ್, ಪೈರಾಜಿನಮೈಡ್ ನುಂಗುತ್ತಿರುವವರಲ್ಲಿ ಆ ಮಾತ್ರೆಗಳೇ ಲಿವರ್ ಕೆಡಿಸಿರಬಹುದು. ಅಂಥವರು ಮಾತ್ರೆ ಕೊಟ್ಟ ವೈದ್ಯರಲ್ಲಿಗೆ ಅಂದೇ ಹೋಗಬೇಕು. ಗದ್ದೆಯ ನೀರಿನಲ್ಲಿ ನಾಟಿ ಮಾಡಿದವಳಿಗೆ ಜ್ವರ, ಮೀನಖಂಡದ ನೋವಿನ ಜೊತೆ ಕಾಮಣಿ ಬಂದರೆ ಇಲಿಜ್ವರವನ್ನು ಶಂಕಿಸಬೇಕು. ಅದಕ್ಕೆ ಪೆನಿಸಿಲಿನ್ ಇದೆ. ತಡವಾದರೆ ಕಿಡ್ನಿ ಸೋಲಬಹುದು. ರಕ್ತಪರೀಕ್ಷೆಯಲ್ಲಿ ಅಳೆಯುವ ಎಎಸ್‌ಟಿ, ಎಎಲ್‌ಟಿ ಎಂಬ ಎರಡು ಕಿಣ್ವಗಳನ್ನೇ ನೋಡಿ: ಕುಡಿತದಿಂದ ಊದಿದ ಲಿವರಿನಲ್ಲಿ ಎಎಸ್‌ಟಿ ಸಾಮಾನ್ಯವಾಗಿ ಎಎಲ್‌ಟಿಯ ದುಪ್ಪಟ್ಟು ದಾಟುತ್ತದೆ, ಆದರೂ ಕೆಲವು ನೂರರೊಳಗೇ ಉಳಿಯುತ್ತದೆ. ವೈರಸ್ಸಿನ ಹೊಡೆತದಲ್ಲಿ ಎಎಲ್‌ಟಿಯೇ ಮುಂದಾಗಿ, ಎಷ್ಟೋ ಸಲ ಸಾವಿರ ಮೀರುತ್ತದೆ. ಇಷ್ಟು ವ್ಯತ್ಯಾಸ ಕಣ್ಣಿನ ಬಣ್ಣ ನೋಡಿ, ನಾಡಿ ಹಿಡಿದು ತಿಳಿಯುವಂಥದ್ದಲ್ಲ.

ಪೇಟೆಯ ಚಿಕಿತ್ಸೆಯಲ್ಲೂ ಕೊರತೆಯಿದೆ. ‘ಬಿ’ ಪರೀಕ್ಷೆ ನೆಗೆಟಿವ್ ಬಂದ ಮಾತ್ರಕ್ಕೆ ವೈರಸ್ಸೇ ಅಲ್ಲ ಎಂದುಬಿಡುವುದು ಅರ್ಧ ವಿಚಾರಣೆ. ‘ಎ’, ‘ಇ’ಗಳಿಗೆ ಐಜಿಎಂ ಪರೀಕ್ಷೆ ಬೇರೆಯೇ ಇದೆ, ‘ಸಿ’ಗೆ ಮತ್ತೊಂದು. 1955-56ರಲ್ಲಿ ಯಮುನೆಯ ನೀರಿಗೆ ಚರಂಡಿ ಸೇರಿ ದೆಹಲಿಯಲ್ಲಿ ಸುಮಾರು 29,000 ಜನರಿಗೆ ಕಾಮಣಿಯಾಯಿತು. ಅದು ‘ಇ’ ಎಂದು ತಿಳಿದದ್ದು ದಶಕಗಳ ನಂತರ. ತುಂಗಭದ್ರೆಯ ದಂಡೆಯ ನಮಗೆ ಅದು ದೂರದ ಕಥೆಯಾಗಬಾರದು.

ಕೊನೆಯ ಮೂರು ತಿಂಗಳ ಬಸುರಿಗೆ ‘ಇ’ ತಗುಲಿದರೆ ನೂರಕ್ಕೆ 20ರಿಂದ 25ರವರೆಗೂ ಸಾವು ಸಂಭವಿಸಬಹುದು. ಅವಳ ಕಣ್ಣು ಹಳದಿಯಾದ ದಿನವೇ ಆಸ್ಪತ್ರೆಗೆ ಕರೆದೊಯ್ಯಿರಿ, ಔಷಧ ಹಾಕುವವರ ಮನೆಗೆ ಬೇಡ.