ವೆಂಕೋಬರಾಯರ ಮನೆಯಲ್ಲಿ ಸೊಸೆ ಇರಲಿಲ್ಲ

‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ 2016ರಲ್ಲಿ ಬಂದಾಗ ಬೆಂಗಳೂರಿನ ಮಲ್ಟಿಪ್ಲೆಕ್ಸ್ ಒಂದರಲ್ಲಿ ಕೂತು ಚೆನ್ನಾಗಿ ಅತ್ತಿದ್ದೆ. ಪಕ್ಕದಲ್ಲಿದ್ದ ರೂಮ್‌ಮೇಟೂ ಅತ್ತಿದ್ದ. ಇಬ್ಬರದೂ ಸಾಫ್ಟ್‌ವೇರ್ ಕೆಲಸ, ಇಬ್ಬರ ಮನೆಯವರೂ ಊರಲ್ಲಿ. ಇಂಟರ್ವಲ್‌ನಲ್ಲೇ ಮನೆಗೆ ಫೋನ್ ಮಾಡಿ ‘ಊಟ ಆಯ್ತಾ’ ಅಂತ ಕೇಳಿದ್ವಿ. ಮಗನಾಗಿ ಕರ್ತವ್ಯ ಮುಗಿಸಿದ ನೆಮ್ಮದಿಯಲ್ಲಿ ಪಾಪ್‌ಕಾರ್ನ್ ತಗೊಂಡು ಒಳಗೆ ಹೋದ್ವಿ.

ಹೇಮಂತ್ ರಾವ್ ನಿರ್ದೇಶಿಸಿದ ಮೊದಲ ಸಿನಿಮಾ ಅದು ಅಂದ್ರೆ ಈಗಲೂ ನಂಬೋದು ಕಷ್ಟ. ಕಾಣೆಯಾದವರ ಪ್ರಕಟಣೆಯಲ್ಲಿ ಬರುವ ಸವಕಲು ಪದಗಳನ್ನೇ ಹೆಸರಾಗಿಟ್ಟು, ಒಬ್ಬ ಮನುಷ್ಯ ಅಷ್ಟೇನಾ ಅಂತ ಕೇಳುವ ಸಿನಿಮಾ. ಆಲ್ಝೈಮರ್ಸ್ ಇರುವ ವೆಂಕೋಬರಾಯರಾಗಿ ಅನಂತನಾಗ್ ಒಂದು ಕಡೆಯೂ ಕಾಯಿಲೆಯನ್ನು ‘ಮಾಡಿ ತೋರಿಸೋದಿಲ್ಲ’. ಮಗ ಶಿವನಾಗಿ ರಕ್ಷಿತ್ ಶೆಟ್ಟಿ, ಆರೈಕೆ ಕೇಂದ್ರದ ಡಾಕ್ಟರ್ ಸಹನಾ ಆಗಿ ಶ್ರುತಿ ಹರಿಹರನ್. ಅಪ್ಪನನ್ನು ಕಳೆದುಕೊಂಡ ಮಗ ಹುಡುಕುತ್ತಾ ಹುಡುಕುತ್ತಾ ಅಪ್ಪ ಯಾರು ಅಂತ ತಿಳ್ಕೋತಾನೆ.

ಎರಡನೇ ಸಲ ನೋಡಿದ್ದು ನಮ್ಮೂರು ಕೊಪ್ಪದಲ್ಲಿ, ಅವ್ವನ ಜೊತೆ ಟೀವಿಯಲ್ಲಿ. ಅಷ್ಟು ಹೊತ್ತಿಗೆ ಅಜ್ಜಿಗೂ ಮರೆವಿನ ಕಾಯಿಲೆ ಹಿಡಿದು ಮೂರು ವರ್ಷ ಆಗಿತ್ತು. ಮಧ್ಯರಾತ್ರಿ ಎದ್ದು ‘ತವರಿಗೋಯ್ತೀನಿ’ ಅಂತ ಚಿಲಕ ತೆಗೆಯೋದು. ಕಬ್ಬು ಅರೆಯುವ ಸೀಸನ್ನಿನಲ್ಲಿ ಸಕ್ಕರೆ ಕಾರ್ಖಾನೆ ಕಡೆ ಹೋಗುವ ಟ್ರಾಕ್ಟರ್‌ಗಳು ರಾತ್ರಿಯೆಲ್ಲ ಓಡಾಡ್ತವೆ. ರಸ್ತೆಗೆ ಇಳಿದರೆ ಮುಗೀತು. ಅದಕ್ಕೆ ಅವ್ವ ತನ್ನ ಸೆರಗಿನ ತುದಿಯನ್ನು ಅಜ್ಜಿ ಕೈಗೆ ಕಟ್ಟಿಕೊಂಡು ಮಲಗ್ತಿದ್ದಳು. ಅಜ್ಜಿ ಅಂದ್ರೆ ಅಪ್ಪನ ಅವ್ವ. ಇವಳಿಗೆ ಅತ್ತೆ.

ಸಿನಿಮಾ ಅರ್ಧ ಆಗಿರಬೇಕು. ಅವ್ವ ಅಜ್ಜಿಗೆ ಮುದ್ದೆ ತುತ್ತು ಮಾಡಿ ಕೊಡ್ತಾ ಕೇಳಿದಳು: “ಆ ಡಾಕ್ಟ್ರಮ್ಮಂಗೆ ಭಾನುವಾರ ರಜ ಇರ್ತದೇನ್ಲಾ?”

ಅಲ್ಲಿಂದ ಆ ಸಿನಿಮಾ ನನಗೆ ಬೇರೆ ಥರ ಕಾಣೋಕೆ ಶುರುವಾಯ್ತು. ವೆಂಕೋಬರಾಯರ ಹೆಂಡತಿ ತೀರಿಕೊಂಡಿದ್ದಾಳೆ. ಮಗನಿಗೆ ಮದುವೆಯಾಗಿಲ್ಲ. ಅಂದ್ರೆ ನಮ್ಮ ಮನೆಗಳಲ್ಲಿ ಈ ಕೆಲಸ ನಿಜವಾಗಿ ಯಾರ ತಲೆ ಮೇಲೆ ಬೀಳುತ್ತೋ ಆ ಇಬ್ಬರನ್ನೂ, ಹೆಂಡತಿ ಮತ್ತು ಸೊಸೆಯನ್ನು, ಕಥೆ ಶುರುವಾಗೋ ಮೊದಲೇ ಮನೆಯಿಂದ ತೆಗೆದಾಗಿದೆ. ಉಳಿದದ್ದು ಬಿಡುವಿಲ್ಲದ ಮಗ ಮತ್ತು ಸಂಬಳ ತಗೊಳ್ಳೋ ಡಾಕ್ಟರ್. ಹಾಗಾಗಿ ಪ್ರಶ್ನೆ ಒಂದೇ ಉಳಿಯುತ್ತೆ: ಮಗನಿಗೆ ಪ್ರೀತಿ ಇದೆಯೋ ಇಲ್ಲವೋ? ಪ್ರೀತಿ ಬೆಟ್ಟದಷ್ಟಿದ್ದೂ ಸುಸ್ತಾಗಿ ಹೋದವರು ಆ ಚೌಕಟ್ಟಿನೊಳಗೆ ಬರೋದೇ ಇಲ್ಲ. ಶಿವ ಓಡಾಡಿ, ಅತ್ತು, ನಮ್ಮಿಂದ ಕ್ಷಮೆ ಗಿಟ್ಟಿಸಿಕೊಳ್ತಾನೆ. ನನ್ನಂಥವನಿಗೆ ಇದಕ್ಕಿಂತ ಅನುಕೂಲದ ಸಿನಿಮಾ ಬೇಕಾ?

ಒಬ್ಬ ನಿರ್ದೇಶಕ ತನ್ನ ಕಥೆಗೆ ಯಾರು ಬೇಕೋ ಅವರನ್ನು ಇಟ್ಕೋತಾನೆ, ಅದು ತಪ್ಪಲ್ಲ. ಸಿನಿಮಾ ಈಗಲೂ ನನಗಿಷ್ಟ. ಆದ್ರೆ ಆರೈಕೆ ಮಾಡೋರ ಬಗ್ಗೆ ನಮಗಿರೋ ಕಥೆಗಳೆಲ್ಲ ಹೀಗೇ. ಶ್ರವಣಕುಮಾರನ ಭುಜ ನೋಯ್ತಿತ್ತಾ ಅಂತ ಯಾರೂ ಕೇಳಿಲ್ಲ. ಅವನು ಕಾವಡಿ ಇಳಿಸಿದ್ದು ಅಪ್ಪ ಅಮ್ಮನಿಗೆ ನೀರು ತರೋಕೆ. ಅಷ್ಟರಲ್ಲೇ ಬಾಣ ಬಿತ್ತು.

ಕಾನೂನೂ ಹೆಚ್ಚುಕಮ್ಮಿ ಶಿವನ ಕಥೆಯನ್ನೇ ಹೇಳುತ್ತೆ. ಹೆತ್ತವರ ಮತ್ತು ಹಿರಿಯರ ಪೋಷಣೆಗೆ 2007ರಲ್ಲಿ ಬಂದ ಕಾಯ್ದೆ ಪ್ರಕಾರ ಹಿರಿಯರನ್ನು ಬಿಟ್ಟುಹೋದರೆ ಮೂರು ತಿಂಗಳವರೆಗೆ ಜೈಲು, ಇಲ್ಲಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇರಬೇಕಾದ್ದೇ. ಅದರಲ್ಲಿ ‘ಮಕ್ಕಳು’ ಅಂದ್ರೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಸೊಸೆಯ ಹೆಸರಿಲ್ಲ. 2019ರ ತಿದ್ದುಪಡಿ ಮಸೂದೆ ಅಳಿಯ ಸೊಸೆಯನ್ನು ಸೇರಿಸೋಕೆ ಹೊರಟಿತ್ತು, ಜವಾಬ್ದಾರಿ ಹೊರಿಸೋಕೆ, ವಿಶ್ರಾಂತಿ ಕೊಡೋಕಲ್ಲ. ಅದೂ ಪಾಸಾಗಲಿಲ್ಲ. ಪಕ್ಕದ ಕೇರಳದಲ್ಲಿ ‘ಆಶ್ವಾಸಕಿರಣಂ’ ಅಂತ ಒಂದು ಯೋಜನೆ ಇದೆ; ಹಾಸಿಗೆ ಹಿಡಿದವರನ್ನು ನೋಡಿಕೊಳ್ಳೋರಿಗೆ ತಿಂಗಳಿಗೆ 600 ರೂಪಾಯಿ. ಡೈಪರ್ ಖರ್ಚಿಗೂ ಸಾಲದು. ಆದ್ರೆ ‘ನೋಡಿಕೊಳ್ಳೋರು’ ಅಂತ ಒಂದು ಜಾತಿಯ ಜನ ಇದ್ದಾರೆ ಅನ್ನೋದಾದ್ರೂ ಸರ್ಕಾರಿ ಕಾಗದದ ಮೇಲೆ ಬಂತು. ಬ್ರಿಟನ್ನಿನಲ್ಲಿ 2024ರ ಏಪ್ರಿಲ್‌ನಿಂದ ಆರೈಕೆಗಾಗಿ ವರ್ಷಕ್ಕೆ ಒಂದು ವಾರ ರಜ ಉದ್ಯೋಗಿಯ ಹಕ್ಕು, ಸಂಬಳ ಇಲ್ಲದಿದ್ರೂ.

ನಮ್ಮ ಟೀಮಿನಲ್ಲಿ ಆನ್‌ಕಾಲ್ ಅಂತ ಇರುತ್ತೆ, ನಿಮ್ಮಲ್ಲೂ ಇರಬಹುದು. ರಾತ್ರಿ ಸರ್ವರ್ ಬಿದ್ರೆ ಎದ್ದು ನೋಡೋಕೆ ಒಬ್ಬ ಪ್ರೈಮರಿ, ಅವನು ಫೋನ್ ಎತ್ತದಿದ್ರೆ ಒಬ್ಬ ಸೆಕೆಂಡರಿ. ವಾರಕ್ಕೊಮ್ಮೆ ಆಳು ಬದಲು. ರಾತ್ರಿ ನಿದ್ದೆಗೆಟ್ಟವನಿಗೆ ಬೆಳಿಗ್ಗೆ ಸ್ಟ್ಯಾಂಡಪ್ ಮಾಫಿ. ಇಷ್ಟೆಲ್ಲ ಮಾಡೋದು ಕರುಣೆಯಿಂದಲ್ಲ. ನಿದ್ದೆಗೆಟ್ಟವನು ತಪ್ಪು ಕಮಾಂಡ್ ಹೊಡೀತಾನೆ ಅಂತ ಕಂಪನಿಗೆ ಗೊತ್ತು. ಅವ್ವ ನಾಲ್ಕು ವರ್ಷ ಪ್ರೈಮರಿ. ಸೆಕೆಂಡರಿ ಯಾರೂ ಇರಲಿಲ್ಲ.

ಇದ್ದೆ, ಕಾಗದದ ಮೇಲೆ. ತಿಂಗಳಿಗೆ ಎರಡು ಶನಿವಾರ ಊರಿಗೆ ಹೋಗಿ, ದುಡ್ಡು, ಡೈಪರ್, ಜೊತೆಗೆ ಒಂದಷ್ಟು ಉಪದೇಶ ಕೊಟ್ಟು ಬರ್ತಿದ್ದೆ. ಒಂದು ಸಲ ಅಜ್ಜಿ ಬಟ್ಟೆ ಕೊಳೆ ಮಾಡಿಕೊಂಡಿತ್ತು, ಆ ದಿನಕ್ಕೆ ಮೂರನೇ ಸಲ. ಅವ್ವ ಜೋರಾಗಿ ಬೈದಳು, ಕೈ ಹಿಡಿದು ಎಳೆದಳು. ನಾನು ಎದ್ದು ನಿಂತು “ಹಿಂಗಾ ನೋಡ್ಕೊಳ್ಳೋದು?” ಅಂದೆ. ಫೋನಿನಲ್ಲಿ ಓದಿದ್ದ ಲೇಖನದ ಸಲಹೆಗಳನ್ನೂ ಹೇಳಿದೆ ಅನ್ಸುತ್ತೆ. ಅವ್ವ ಏನೂ ಅನ್ನಲಿಲ್ಲ. ಬಕೆಟ್ ನನ್ನ ಮುಂದೆ ಇಟ್ಟು ಹಿತ್ತಲಿಗೆ ಹೋಗಿ ಕೂತಳು.

ಮುಕ್ಕಾಲು ಗಂಟೆ ಹಿಡೀತು ನನಗೆ. ಅಜ್ಜಿ ನನ್ನನ್ನ ಕಚ್ಚಿತು. ನಾನೂ ಬೈದೆ.

ಆ ಮೇಲೆ ಒಂದು ವಾರ ರಜ ಹಾಕಿ ಅವ್ವನ್ನ ಮಳವಳ್ಳಿಯಲ್ಲಿರೋ ಚಿಕ್ಕಮ್ಮನ ಮನೆಗೆ ಕಳಿಸಿದೆ. ಹೋಗಲ್ಲ ಅಂದಳು, ಜನ ಏನಂದಾರು ಅಂದಳು, ಹೋದಳು. ಮೊದಲ ಎರಡು ದಿನ ಬರೀ ಮಲಗಿದ್ದಳಂತೆ. ಇದನ್ನ ಹೇಳಿದ್ದು ಚಿಕ್ಕಮ್ಮ. ಅವ್ವ ಕೇಳಿದ್ರೆ ಇವತ್ತೂ ಒಪ್ಪಲ್ಲ. ಇಂಥ ವಾರ ನಾಲ್ಕು ವರ್ಷದಲ್ಲಿ ಒಂದೇ ಒಂದು. ಎರಡನೆಯದಕ್ಕೆ ನನಗೆ ರಿಲೀಸ್ ಇತ್ತು.

ಅಜ್ಜಿ ಹೋಗಿ ವರ್ಷ ಆಯ್ತು. ಅವ್ವನ ಮಂಡಿಗೆ ಈಗ ಎಕ್ಸ್‌ರೇ ತೆಗೆಸಿದ್ವಿ. ಸವೆತ ಜಾಸ್ತಿ ಆಗಿದೆ, ಯಾಕಮ್ಮ ಇಷ್ಟು ದಿನ ಬರಲಿಲ್ಲ ಅಂತ ಡಾಕ್ಟರು ಕೇಳಿದ್ರು. ಅವ್ವ ಒಂದು ಸಲ ನನ್ನ ಕಡೆ ನೋಡಿ, “ಪುರುಸೊತ್ತಾಗ್ನಿಲ್ಲ ಸಾ” ಅಂದಳು.